ಭೂಮಧ್ಯರೇಖೆಯ ಮೇಲೊಂದು ಬೋಗುಣಿ ನೀರು



ಮಗಳ ಮನೆಗೆಂದು 2023ರ ಆಗಸ್ಟ್ ತಿಂಗಳಿನಲ್ಲಿ ಕೀನ್ಯಾ ದೇಶದ ನೈರೋಬಿಗೆ ಹೋಗಿ ಬಂದ ಮೇಲೆ ನಿಮ್ಮಲ್ಲಿ ಅನೇಕರು ದೂರವಾಣಿಯಲ್ಲಿ ಕೇಳಿದ ಪ್ರಶ್ನೆ ಒಂದೇ: "ಸಾರ್, ಸಿಂಹ ನೋಡಿದಿರಾ?" ನೋಡಿದೆ. ಮಲಗಿತ್ತು. ಬಾಲದಿಂದ ನೊಣ ಓಡಿಸಿಕೊಳ್ಳುತ್ತಿತ್ತು. ಸಿಂಹದ ಬಗ್ಗೆ ಬರೆಯಲು ನನ್ನಲ್ಲಿ ಅದಕ್ಕಿಂತ ಹೆಚ್ಚಿನ ಸಾಮಗ್ರಿಯಿಲ್ಲ. ಆದರೆ ಅದೇ ಪ್ರವಾಸದಲ್ಲಿ, ಭೂಮಧ್ಯರೇಖೆಯು ಹಾದುಹೋಗುವ ಒಂದು ರಸ್ತೆಬದಿಯಲ್ಲಿ ಕಂಡ ಬೋಗುಣಿಯೊಂದರ ನೀರು ಮಾತ್ರ ಇಂದಿಗೂ ನನ್ನ ತಲೆಯೊಳಗೆ ಸುಳಿ ಸುತ್ತುತ್ತಲೇ ಇದೆ. ಆ ವಿಷಯವನ್ನು ಬರೆಯದೆ ಮುಂದೂಡುತ್ತ ಬಂದೆ. ಬರೆದರೆ ನನ್ನದೇ ಒಂದು ಹಳೆಯ ತಪ್ಪನ್ನೂ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗುತ್ತದೆ ಎಂಬುದೇ ಅದಕ್ಕೆ ಕಾರಣ.

ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಗೋಳದ ಹೊಟ್ಟೆಯ ಮೇಲೆ ಬೆರಳಾಡಿಸಿ "ಇದು ಸಮಭಾಜಕ ವೃತ್ತ, ಸೊನ್ನೆ ಡಿಗ್ರಿ ಅಕ್ಷಾಂಶ, ಇದೊಂದು ಕಾಲ್ಪನಿಕ ರೇಖೆ" ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಆ ಗೋಳದಲ್ಲಿ ಬಣ್ಣ ಹೋಗಿ ಆಫ್ರಿಕದ ಅರ್ಧಭಾಗ ಸಮುದ್ರವಾಗಿದ್ದುದು ನಿಮಗೆ ನೆನಪಿರಬಹುದು. ಬೆಂಗಳೂರಿನಿಂದ ನೇರ ದಕ್ಷಿಣಕ್ಕೆ ಸುಮಾರು 1,440 ಕಿಲೋಮೀಟರ್ ಹೋದರೆ ಆ ರೇಖೆ ಸಿಗುತ್ತದೆ, ಆದರೆ ಸಿಗುವುದು ಹಿಂದೂ ಮಹಾಸಾಗರದ ನೀರಿನಲ್ಲಿ. ಮಾಲ್ಡೀವ್ಸ್ ದ್ವೀಪಗಳ ನಡುವೆ ರೇಖೆ ಹಾಯುತ್ತದೆ ಎನ್ನುತ್ತೇವಾದರೂ ಅಲ್ಲಿಯೂ ಅದು ನೆಲವನ್ನು ಮುಟ್ಟುವುದಿಲ್ಲ. ನೆಲದ ಮೇಲೆ ಅದನ್ನು ದಾಟಬೇಕೆಂದರೆ ಪ್ರಪಂಚದಲ್ಲಿ ಇರುವುದು ಹನ್ನೊಂದೇ ದೇಶಗಳು. (ಹಿಂದೆ ನಾನು ರಸಪ್ರಶ್ನೆಯಲ್ಲಿ ಕೇಳುತ್ತಿದ್ದ ಒಂದು ತರಲೆ ಪ್ರಶ್ನೆ: ಈಕ್ವಟೋರಿಯಲ್ ಗಿನಿ ಎಂಬ ದೇಶದ ಹೆಸರಿನಲ್ಲೇ ಸಮಭಾಜಕವಿದೆ, ಆದರೆ ಅದರ ನೆಲದ ಮೇಲೆ ಸಮಭಾಜಕ ವೃತ್ತ ಹಾಯುತ್ತದೆಯೇ? ಹಾಯುವುದಿಲ್ಲ.) ಹೀಗೆ ಜೀವನವಿಡೀ ಬೆರಳಿನಿಂದ ಮುಟ್ಟಿದ ರೇಖೆಯನ್ನು ಅರವತ್ತೈದರ ವಯಸ್ಸಿನಲ್ಲಿ ಕಾಲಿನಿಂದ ಮುಟ್ಟುವ ಅವಕಾಶ ಅಳಿಯಂದಿರ ಉದ್ಯೋಗದ ದೆಸೆಯಿಂದ ಒದಗಿತು.

ನೈರೋಬಿ ನಗರವು ದಕ್ಷಿಣಾರ್ಧಗೋಳದಲ್ಲಿದೆ, ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಕೆಳಗೆ. ಅಲ್ಲಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ ನಾನ್ಯುಕಿ ಎಂಬ ಊರಿದೆ. ಊರಿಗೆ ಸ್ವಲ್ಪ ಮುಂಚೆಯೇ ಹೆದ್ದಾರಿಯು ಭೂಮಧ್ಯರೇಖೆಯನ್ನು ದಾಟುತ್ತದೆ. ಹಿಂದಿನ ಸಂಜೆ ಕಾರಿನ ಚಾಲಕರು "ನಾಳೆ ಸಾ ಮೋಜಾ" ಎಂದು ಹೇಳಿ ಹೋದರು. ಮೋಜಾ ಎಂದರೆ ಒಂದು ಎಂದು ಅಷ್ಟರಲ್ಲಿ ಕಲಿತಿದ್ದ ನಾನು, ಮಧ್ಯಾಹ್ನ ಒಂದು ಗಂಟೆಗೆ ಹೊರಡುವುದೆಂದು ನಿಶ್ಚಿಂತನಾಗಿ ಮಲಗಿದೆ. ಅವರು ಬಂದು ಹಾರ್ನ್ ಮಾಡಿದ್ದು ಬೆಳಿಗ್ಗೆ ಏಳಕ್ಕೆ! ಸ್ವಾಹಿಲಿ ಮಾತನಾಡುವವರು ಗಂಟೆಯನ್ನು ಎಣಿಸುವುದು ಸೂರ್ಯೋದಯದಿಂದ. ನಮ್ಮ ಏಳು ಗಂಟೆಯೇ ಅವರ ಮೊದಲನೆಯ ಗಂಟೆ. ಮೊಮ್ಮಗ ಬಿದ್ದು ಬಿದ್ದು ನಕ್ಕ. ನನಗಾದರೋ ನಮ್ಮ ತಂದೆಯವರು ಉದಯಾದಿ ಘಳಿಗೆ ಎಣಿಸುತ್ತಿದ್ದುದು ನೆನಪಾಯಿತು. ಆದರೆ ನಮ್ಮಲ್ಲಿ ಹಗಲು ಋತುವಿನಿಂದ ಋತುವಿಗೆ ಹಿಗ್ಗಿ ಕುಗ್ಗುತ್ತದೆ. ಬೆಂಗಳೂರಿನ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರವಿದೆ. ಆದ್ದರಿಂದಲೇ ಪಂಚಾಂಗದಲ್ಲಿ ದಿನಮಾನವನ್ನು ಪ್ರತಿದಿನವೂ ಅಚ್ಚು ಹಾಕಬೇಕಾಗುತ್ತದೆ. ಭೂಮಧ್ಯರೇಖೆಯ ಆಸುಪಾಸಿನಲ್ಲಿ ವರ್ಷವಿಡೀ ಹಗಲು ಹನ್ನೆರಡು ಗಂಟೆ, ಮೇಲೆ ಕೆಲವೇ ನಿಮಿಷ. ಅಲ್ಲಿ ಸೂರ್ಯನೇ ಗಡಿಯಾರ, ಕೀಲಿ ಕೊಡಬೇಕಾಗಿಲ್ಲ.

ಇನ್ನೊಂದು ಪಾಠ ಚಳಿಯಿಂದ ಕಲಿತೆ. "ಸಮಭಾಜಕ ವೃತ್ತದ ಪ್ರದೇಶವು ಅತ್ಯಂತ ಉಷ್ಣವಾದುದು" ಎಂಬ ವಾಕ್ಯವನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ, ನಾನೇ ಮಾಡಿಸಿದ್ದೇನೆ. ನಾನ್ಯುಕಿ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೆ ಸಮೀಪದಲ್ಲಿದೆ. ಸ್ವೆಟರಿನ ಮೇಲೆ ಶಾಲು ಹೊದ್ದು ಭೂಮಧ್ಯರೇಖೆಯನ್ನು ದಾಟಿದ ಮಹಾನುಭಾವ ನಾನು. ಪಕ್ಕದಲ್ಲೇ 5,199 ಮೀಟರ್ ಎತ್ತರದ ಕೀನ್ಯಾ ಪರ್ವತ. ಮೋಡ ಸರಿದಾಗ ಅದರ ನೆತ್ತಿಯ ಮೇಲೆ ಹಿಮ. ಹಿಮನದಿಗಳು ಬಹಳವಾಗಿ ಕರಗಿಹೋಗಿವೆ, ಆದರೂ ಹಿಮವೇ. 1849ರಲ್ಲಿ ಕ್ರಾಪ್ಫ್ ಎಂಬ ಜರ್ಮನ್ ಪಾದ್ರಿಯು ಈ ಶಿಖರವನ್ನು ದೂರದಿಂದ ಕಂಡು, ಭೂಮಧ್ಯರೇಖೆಯ ಬಳಿ ಹಿಮವಿದೆ ಎಂದು ವರದಿ ಮಾಡಿದಾಗ ಯೂರೋಪಿನ ಭೂಗೋಳ ಪಂಡಿತರಲ್ಲಿ ಕೆಲವರು ನಂಬಲಿಲ್ಲ. ಉಷ್ಣವಲಯದಲ್ಲಿ ಹಿಮವೆಲ್ಲಿಯದು ಎಂಬುದು ಅವರ ವಾದ. ಕಣ್ಣಿನಿಂದ ಕಂಡವನ ಮಾತನ್ನು ಪುಸ್ತಕ ಹಿಡಿದವರು ತಳ್ಳಿಹಾಕಿದರು. ಈ ಪ್ರಸಂಗವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಆ ಸ್ಥಳ. ಹಳದಿ ಬಣ್ಣದ ಒಂದು ಫಲಕ, ಅದರ ಮೇಲೆ ಆಫ್ರಿಕಾ ಖಂಡದ ಚಿತ್ರ. ಹಿಂದೆ ಸಾಲಾಗಿ ಮರದ ಜಿರಾಫೆ, ಮಣಿಸರ, ಕಲ್ಲಿನ ಆನೆ ಮಾರುವ ಅಂಗಡಿಗಳು. ನಮ್ಮ ಬೇಲೂರಿನ ದೇವಸ್ಥಾನದ ಬೀದಿಯಲ್ಲಿ ನಿಂತಂತೆಯೇ ಅನ್ನಿಸಿತು. ಕೈಹಿಡಿದು ಎಳೆಯುವ ಆತ್ಮೀಯತೆಯೂ ಹಾಗೆಯೇ. ನಾವು ಫಲಕದ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿರುವಾಗ ಸುಮಾರು ನಲವತ್ತು ವರ್ಷದ ವ್ಯಕ್ತಿಯೊಬ್ಬರು ಒಂದು ಬೋಗುಣಿ, ಒಂದು ಜಗ್ಗು ಹಿಡಿದು ಬಂದರು. ಬೋಗುಣಿಯ ತಳದಲ್ಲಿ ಒಂದು ತೂತು. ಬಹಳ ಸಭ್ಯರು, ಮಾತಿನಲ್ಲಿ ಚತುರರು. ನಾನು ಮೇಷ್ಟ್ರೆಂದು ತಿಳಿದಾಗ "ನಾನೂ ಒಂದು ರೀತಿಯ ಮೇಷ್ಟ್ರೇ" ಎಂದು ನಕ್ಕರು.

ಫಲಕದಿಂದ ಇಪ್ಪತ್ತು ಹೆಜ್ಜೆ ಉತ್ತರಕ್ಕೆ ನಮ್ಮನ್ನು ಕರೆದೊಯ್ದರು. ತೂತಿಗೆ ಬೆರಳು ಒತ್ತಿ, ನೀರು ಸುರಿದು, ಮೇಲೆ ಎರಡು ಬೆಂಕಿಕಡ್ಡಿಗಳನ್ನು ತೇಲಬಿಟ್ಟು ಬೆರಳು ತೆಗೆದರು. ನೀರು ಇಳಿಯುತ್ತಿದ್ದಂತೆ ಕಡ್ಡಿಗಳು ಪ್ರದಕ್ಷಿಣಾಕಾರವಾಗಿ ಸುತ್ತಿದವು. ಬಳಿಕ ರೇಖೆಯ ದಕ್ಷಿಣಕ್ಕೆ ಇಪ್ಪತ್ತು ಹೆಜ್ಜೆ. ಅದೇ ಬೋಗುಣಿ, ಅದೇ ನೀರು. ಕಡ್ಡಿಗಳು ಅಪ್ರದಕ್ಷಿಣಾಕಾರವಾಗಿ ಸುತ್ತಿದವು. ಕೊನೆಗೆ ಸರಿಯಾಗಿ ರೇಖೆಯ ಮೇಲೆ ನಿಂತು ಬೆರಳು ತೆಗೆದರೆ ಕಡ್ಡಿಗಳು ಅಲುಗಾಡದೆ ನೀರು ನೆಟ್ಟಗೆ ಇಳಿದುಹೋಯಿತು. ಸುತ್ತ ನಿಂತಿದ್ದ ಏಳೆಂಟು ಪ್ರವಾಸಿಗರು ಚಪ್ಪಾಳೆ ತಟ್ಟಿದರು. "ಭೂಮಿಯ ಭ್ರಮಣದ ಪ್ರಭಾವ" ಎಂದು ಆತ ವಿವರಿಸಿದರು. ಹಣ ಕೊಟ್ಟವರಿಗೆ ರೇಖೆ ದಾಟಿದ ಪ್ರಮಾಣಪತ್ರವೂ ಉಂಟು. ಮೊಮ್ಮಗ ಕಣ್ಣರಳಿಸಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ: "ತಾತ, ಇದು ನಿಜಾನಾ?"

ಅದು ನಿಜವಲ್ಲವೆಂದು ನನಗೆ ಗೊತ್ತಿತ್ತು. ನಿವೃತ್ತಿಯಾದ ನಂತರದ ಬಿಡುವಿನಲ್ಲಿ ಓದಿ ತಿಳಿದಿದ್ದೆ. ಸಾಲದ್ದಕ್ಕೆ ಎದುರಿಗೇ ಕಂಡಿದ್ದೆ: ಉತ್ತರದಲ್ಲಿ ನೀರು ಸುರಿಯುವಾಗ ಜಗ್ಗಿನ ಧಾರೆ ಬೋಗುಣಿಯ ಒಂದು ಅಂಚಿಗೆ ಓರೆಯಾಗಿ ಬಿತ್ತು, ದಕ್ಷಿಣದಲ್ಲಿ ಇನ್ನೊಂದು ಅಂಚಿಗೆ, ನಡುವೆ ನಿಂತಾಗ ಸರಿಯಾಗಿ ಮಧ್ಯಕ್ಕೆ. ಹಾಗಿದ್ದೂ ನಾನು "ಹೂಂ ಪುಟ್ಟ, ನೋಡು ನೋಡು" ಎಂದೆ. ಹಣ ಕೊಟ್ಟೆ. ಪ್ರಮಾಣಪತ್ರವನ್ನೂ ಪಡೆದೆ.

ಈಗ ಸ್ವಲ್ಪ ಪಾಠ, ಸಹಿಸಿಕೊಳ್ಳಿ. ಭೂಮಿ ತಿರುಗುವುದರಿಂದ ಗಾಳಿಯೂ ಸಾಗರದ ಪ್ರವಾಹಗಳೂ ಉತ್ತರಾರ್ಧಗೋಳದಲ್ಲಿ ಬಲಕ್ಕೆ, ದಕ್ಷಿಣಾರ್ಧಗೋಳದಲ್ಲಿ ಎಡಕ್ಕೆ ಬಾಗುತ್ತವೆ ಎಂಬುದು ನಿಜ. ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲಿ ತಿರುಗುವ ಯಂತ್ರಗಳನ್ನು ಕುರಿತು ಗಣಿತ ಮಾಡುತ್ತ ಇದರ ಸೂತ್ರವನ್ನು ಬರೆದನು. ಬಂಗಾಳ ಕೊಲ್ಲಿಯ ಚಂಡಮಾರುತಗಳು ಅಪ್ರದಕ್ಷಿಣವಾಗಿ ಸುತ್ತುವುದು ಇದರಿಂದಲೇ. ಆದರೆ ಚಂಡಮಾರುತವು ನೂರಾರು ಕಿಲೋಮೀಟರ್ ಅಗಲವಿದ್ದು ದಿನಗಟ್ಟಲೆ ಬಾಳುತ್ತದೆ. ಬೋಗುಣಿಯ ನೀರು ಅರ್ಧ ನಿಮಿಷದಲ್ಲಿ ಖಾಲಿ! ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಪ್ರಭಾವವು ಧ್ರುವಗಳಲ್ಲಿ ಅತಿ ಹೆಚ್ಚು, ಭೂಮಧ್ಯರೇಖೆಯಲ್ಲಿ ಸೊನ್ನೆ. ರೇಖೆಗೆ ಬಹಳ ಸಮೀಪದಲ್ಲಿ ಚಂಡಮಾರುತಗಳು ಹುಟ್ಟುವುದೇ ಅಪರೂಪ; 2001ರ ಡಿಸೆಂಬರಿನಲ್ಲಿ ಸಿಂಗಪುರದ ಹತ್ತಿರ ಒಂದೂವರೆ ಡಿಗ್ರಿಯಷ್ಟು ಸಮೀಪದಲ್ಲಿ ವಾಮೈ ಎಂಬುದೊಂದು ಎದ್ದಾಗ ಹವಾಮಾನ ತಜ್ಞರೇ ಬೆರಗಾದರು. ಇಡೀ ಭೂಮಂಡಲದಲ್ಲಿ ಈ ಪ್ರಭಾವವನ್ನು ತೋರಿಸಲು ಅತ್ಯಂತ ಅಯೋಗ್ಯವಾದ ಜಾಗ ಯಾವುದೆಂದರೆ, ಆ ಸಜ್ಜನರು ಬೋಗುಣಿ ಹಿಡಿದು ನಿಂತಿದ್ದ ಜಾಗವೇ.

ರಾತ್ರಿ ನಿದ್ರೆ ಬಾರದೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಧ್ರುವದಲ್ಲಿಟ್ಟ ಬೋಗುಣಿಯನ್ನು ಭೂಮಿಯು ತನ್ನೊಂದಿಗೆ ದಿನಕ್ಕೊಂದು ಸುತ್ತು ತಿರುಗಿಸುತ್ತದೆ. ಬೆಂಗಳೂರಿನಲ್ಲಿ ಅದೇ ಸುತ್ತಿಗೆ ಸುಮಾರು ನಾಲ್ಕೂವರೆ ದಿನ ಬೇಕು. ಭೂಮಧ್ಯರೇಖೆಯಿಂದ ಇಪ್ಪತ್ತು ಮೀಟರ್ ದೂರದಲ್ಲಿ? ಉತ್ತರವನ್ನು ಎರಡು ಸಲ ಪರೀಕ್ಷಿಸಿದೆ: ಸುಮಾರು 870 ವರ್ಷ. ಅಂದರೆ ಬಸವಣ್ಣನವರು ಕಲ್ಯಾಣದಲ್ಲಿದ್ದ ಕಾಲದಲ್ಲಿ ಯಾರಾದರೂ ಆ ರಸ್ತೆಬದಿಯಲ್ಲಿ ಬೋಗುಣಿ ಇಟ್ಟು ಹೋಗಿದ್ದರೆ, ಅದು ಈಗಷ್ಟೇ ಒಂದು ಪ್ರದಕ್ಷಿಣೆಯನ್ನು ಮುಗಿಸುತ್ತಿತ್ತು. ಇನ್ನೊಂದು ವಿನೋದ. ಉತ್ತರಾರ್ಧಗೋಳದಲ್ಲಿ ಭೂಭ್ರಮಣವು ನೀರನ್ನು ತಿರುಗಿಸುವುದಾದರೆ ಅಪ್ರದಕ್ಷಿಣವಾಗಿ ತಿರುಗಿಸಬೇಕು. ಅವರು ತೋರಿಸಿದ್ದು ಪ್ರದಕ್ಷಿಣ. ಸುಳ್ಳನ್ನೂ ತಲೆಕೆಳಗಾಗಿ ಹೇಳಿದ್ದರು! ಪಾಠದ ಪ್ರಕಾರ ಇದೂ ತಪ್ಪು ಎಂದು ಅಲ್ಲೇ ಹೊಳೆಯಬೇಕಾಗಿದ್ದ ಮೇಷ್ಟ್ರು ಪ್ರಮಾಣಪತ್ರದಲ್ಲಿ ತನ್ನ ಹೆಸರಿನ ಕಾಗುಣಿತವನ್ನು ತಿದ್ದಿಸುತ್ತಿದ್ದ.

ಹಾಗಾದರೆ ಬೋಗುಣಿಯಲ್ಲಿ ಇದನ್ನು ಕಾಣಲು ಸಾಧ್ಯವೇ ಇಲ್ಲವೇ? ಉಂಟು. 1962ರಲ್ಲಿ ಅಮೆರಿಕದ ಎಂಐಟಿಯ ಪ್ರೊಫೆಸರ್ ಆಷರ್ ಶಪಿರೊ ಅವರು ಸುಮಾರು ಆರು ಅಡಿ ಅಗಲದ ಚಪ್ಪಟೆ ತೊಟ್ಟಿಯಲ್ಲಿ ನೀರು ತುಂಬಿ, ಆ ನೀರಿನ ಅಲುಗಾಟವೆಲ್ಲ ಅಡಗಲೆಂದು ಒಂದಿಡೀ ದಿನ ಕಾದು, ಆಮೇಲೆ ಮೆಲ್ಲನೆ ಬಿರಡೆ ತೆಗೆದರು. ನೀರು ಅಪ್ರದಕ್ಷಿಣವಾಗಿ ಸುತ್ತಿತು. 1965ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಬೇರೆ ವಿಜ್ಞಾನಿಗಳು ಅದನ್ನೇ ಮಾಡಿದಾಗ ಪ್ರದಕ್ಷಿಣವಾಗಿ ಸುತ್ತಿತು. ಎರಡೂ ಊರುಗಳು ಭೂಮಧ್ಯರೇಖೆಯಿಂದ ಬಲುದೂರ, ಮೂವತ್ತು ನಲವತ್ತು ಡಿಗ್ರಿಗಳ ಆಚೆ. ನೋಡಿ, ನಿಜವನ್ನು ಕಾಣಲು ಒಂದು ಹಗಲು ಒಂದು ರಾತ್ರಿ ಕಾಯಬೇಕಾಯಿತು. ರಸ್ತೆಬದಿಯಲ್ಲಿ ಯಾವ ಪ್ರವಾಸಿ ಅಷ್ಟು ಹೊತ್ತು ನಿಲ್ಲುತ್ತಾನೆ?

ಮರುದಿನ ಬೆಳಿಗ್ಗೆ ಮೊಮ್ಮಗನನ್ನು ಕರೆದು, "ನಿನ್ನೆ ನಾನು ನಿನಗೆ ಸರಿಯಾಗಿ ಹೇಳಲಿಲ್ಲ ಪುಟ್ಟ" ಎಂದೆ. ಮಗಳ ಮನೆಯ ಕೈತೊಳೆಯುವ ಬೇಸಿನ್ನೇ ನಮ್ಮ ಪ್ರಯೋಗಾಲಯವಾಯಿತು. ಅದು ದಕ್ಷಿಣಾರ್ಧಗೋಳದ ಬೇಸಿನ್ ಎಂಬುದನ್ನು ಮರೆಯಬೇಡಿ. ತುಂಬಿಸಿದೆವು, ಬಿರಡೆ ತೆಗೆದೆವು. ಕೆಲವು ಸಲ ಬಲಕ್ಕೆ, ಕೆಲವು ಸಲ ಎಡಕ್ಕೆ, ಕೆಲವು ಸಲ ಎತ್ತಲೂ ಇಲ್ಲ. ಬಳಿಕ ಅವನೇ ಅಡುಗೆಮನೆಯಿಂದ ತೂತಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹುಡುಕಿ ತಂದ. ಧಾರೆಯನ್ನು ಯಾವ ಅಂಚಿಗೆ ಬಿಟ್ಟರೆ ಯಾವ ಕಡೆ ಸುತ್ತುತ್ತದೆಂದು ಹತ್ತು ನಿಮಿಷದಲ್ಲಿ ಕಂಡುಹಿಡಿದ. ಮಧ್ಯಾಹ್ನದ ಹೊತ್ತಿಗೆ ಅವರಮ್ಮನ ಮುಂದೆ, ಊಟದ ಮೇಜಿನ ಈ ತುದಿ ಉತ್ತರಗೋಳ, ಆ ತುದಿ ದಕ್ಷಿಣಗೋಳ ಎಂದು ಹೇಳಿ ಪೂರ್ತಿ ಪ್ರದರ್ಶನ ಕೊಟ್ಟ. ನೆಲವೆಲ್ಲ ನೀರು. ಬೈಗುಳ ತಾತನಿಗೆ. ಎಲ್ಲ ಮುಗಿದ ಮೇಲೆ ಅವನು ಕೇಳಿದ ಪ್ರಶ್ನೆ ಬೇರೆಯದು: "ಗೊತ್ತಿದ್ರೂ ಅಲ್ಲೇ ಯಾಕೆ ಹೇಳಲಿಲ್ಲ ತಾತ?"

ಈಗ ನನ್ನ ಹಳೆಯ ತಪ್ಪಿನ ವಿಷಯ. 1991ರ ಮಳೆಗಾಲ, ಒಂಬತ್ತನೆಯ ತರಗತಿ, ಗಾಳಿಗಳ ಪಾಠ. ಗಾಳಿ ಬಲಕ್ಕೆ ಬಾಗುವುದನ್ನು ವಿವರಿಸುತ್ತ, ಪಾಠ ರುಚಿಯಾಗಲೆಂದು ನಾನು, "ನಮ್ಮ ದೇಶದಲ್ಲಿ ತೊಟ್ಟಿಯ ಬಿರಡೆ ತೆಗೆದರೆ ನೀರು ಯಾವಾಗಲೂ ಎಡಗಡೆಯಿಂದ ಸುತ್ತುತ್ತದೆ, ಆಸ್ಟ್ರೇಲಿಯದಲ್ಲಿ ಬಲಗಡೆಯಿಂದ" ಎಂದೆ. ಎಲ್ಲಿಯೋ ಓದಿದ್ದೆ, ಯಾರೋ ಹೇಳಿದ್ದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಹೆಚ್ಚು ಮಾತನಾಡದವನು, ಬೆಳಿಗ್ಗೆ ದನಗಳಿಗೆ ನೀರು ತುಂಬಿಸಿ, ತೊಟ್ಟಿ ತೊಳೆದು ಶಾಲೆಗೆ ಬರುತ್ತಿದ್ದವನು. "ಸಾರ್, ನಮ್ಮನೆ ತೊಟ್ಟಿ ಬಿರಡೆ ದಿನಾ ನಾನೇ ತೆಗೀತೀನಿ. ಒಂದೊಂದು ದಿನ ಹಿಂಗೆ ತಿರುಗುತ್ತೆ, ಒಂದೊಂದು ದಿನ ಹಂಗೆ ತಿರುಗುತ್ತೆ" ಎಂದ. ತರಗತಿಯಲ್ಲಿ ನಗು ಎದ್ದಿತು. ನಾನು, "ನಿನ್ನ ತೊಟ್ಟಿಗೆ ಭೂಗೋಳ ಗೊತ್ತಿಲ್ಲ, ಕೂತ್ಕೋ" ಎಂದೆ. ನಗು ಇನ್ನೂ ಹೆಚ್ಚಾಯಿತು. ಅವನು ಕೂತ. ನಾನು ಬಲ್ಲಂತೆ ಆ ವರ್ಷ ಅವನು ನನ್ನ ತರಗತಿಯಲ್ಲಿ ಮತ್ತೆ ಎದ್ದು ನಿಲ್ಲಲಿಲ್ಲ.

ಅವನು ಮಾಡಿದ್ದು ಶಪಿರೊ ಅವರ ಪ್ರಯೋಗಕ್ಕೆ ಹತ್ತಿರದ ಕೆಲಸ, ಅದೂ ದಿನನಿತ್ಯ. ನಾನು ಮಾಡಿದ್ದು ಕ್ರಾಪ್ಫನನ್ನು ನಂಬದ ಪಂಡಿತರ ಕೆಲಸ. ನಮ್ಮ ಶಾಲೆಯ ಹಿತ್ತಲಿನಲ್ಲೇ ಕೈತೊಳೆಯುವ ಸಿಮೆಂಟಿನ ತೊಟ್ಟಿಯಿತ್ತು. ಹತ್ತು ಹೆಜ್ಜೆ ನಡೆದು, ಬಿರಡೆ ತೆಗೆದು ನೋಡಬಹುದಾಗಿತ್ತು. ಆ ವರ್ಷವಲ್ಲ, ಅನಂತರದ ಯಾವ ವರ್ಷದಲ್ಲಿಯೂ ನೋಡಲಿಲ್ಲ. ಆದರೂ ಅದೇ ವಾಕ್ಯವನ್ನು ಪ್ರತಿ ವರ್ಷವೂ ಹೇಳಿದೆ. ನಿಮ್ಮಲ್ಲಿ ಬಹುಮಂದಿ ಅದನ್ನು ನಂಬಿಕೊಂಡು ನಿಮ್ಮ ಮಕ್ಕಳಿಗೂ ಹೇಳಿರಬಹುದು. ಅದು ತಪ್ಪು, ದಯವಿಟ್ಟು ತಿದ್ದಿಕೊಳ್ಳಿ.

ಭೂಮಧ್ಯರೇಖೆಯ ಪ್ರವಾಸಿ ತಾಣಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳುವುದಕ್ಕೆ ಈ ಒಪ್ಪಿಗೆ ಆಗಬೇಕಾಗಿತ್ತು. ಇಲ್ಲದಿದ್ದರೆ ಬೋಗುಣಿಯವರನ್ನು ದೂರುವ ಅಧಿಕಾರ ನನಗಿಲ್ಲ. ಈ ತಾಣಗಳಲ್ಲಿ ಎರಡು ಬಗೆಯ ದೋಷಗಳಿವೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ದಕ್ಷಿಣ ಅಮೆರಿಕದ ಈಕ್ವಡಾರ್ ದೇಶದಲ್ಲಿ, ಕೀಟೊ ನಗರದ ಹತ್ತಿರ, 'ಪ್ರಪಂಚದ ನಡುಭಾಗ' ಎಂಬ ಅರ್ಥದ ಹೆಸರಿನ ಮೂವತ್ತು ಮೀಟರ್ ಎತ್ತರದ ಸ್ಮಾರಕವಿದೆ. 1979ರಿಂದ 1982ರವರೆಗೆ ಕಟ್ಟಿದ್ದು. ಉಪಗ್ರಹಗಳ ಮೂಲಕ ಅಳೆದಾಗ ನಿಜವಾದ ರೇಖೆಯು ಅಲ್ಲಿಂದ ಸುಮಾರು 240 ಮೀಟರ್ ಉತ್ತರಕ್ಕಿದೆಯೆಂದು ತಿಳಿಯಿತು. ಇದನ್ನು ಹಿಡಿದು ಆ ಸ್ಮಾರಕವನ್ನು ಗೇಲಿ ಮಾಡುವವರು ಬಹಳ. ನಾನು ಅವರ ಪಕ್ಷವಲ್ಲ. ಆ ಸ್ಮಾರಕವು ನೆನಪಿಸುವುದು 1735ರಲ್ಲಿ ಫ್ರಾನ್ಸಿನಿಂದ ಹೊರಟ ಗೊಡ್ಯಾಂ, ಬೂಗೆ, ಲಾ ಕೊಂಡಮೀನ್ ಮೊದಲಾದವರ ಸಾಹಸವನ್ನು. ಆಂಡೀಸ್ ಪರ್ವತಗಳಲ್ಲಿ ಚಳಿ, ರೋಗ, ಒಳಜಗಳಗಳ ನಡುವೆ ವರ್ಷಗಟ್ಟಲೆ ತಿರುಗಿ ಅವರು ಒಂದು ಡಿಗ್ರಿಯ ಉದ್ದವನ್ನು ಅಳೆದರು. ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ ಇನ್ನೊಂದು ತಂಡ ಅಳೆದ ಡಿಗ್ರಿಗಿಂತ ಇದು ಚಿಕ್ಕದಾಗಿತ್ತು. ವ್ಯತ್ಯಾಸ ಒಂದು ಕಿಲೋಮೀಟರಿನ ಆಸುಪಾಸು. ಅಷ್ಟರಿಂದ ಭೂಮಿಯು ಧ್ರುವಗಳಲ್ಲಿ ಚಪ್ಪಟೆ, ನಡುವಿನಲ್ಲಿ ಉಬ್ಬು ಎಂಬ ನ್ಯೂಟನ್ನನ ಮಾತು ಸ್ಥಿರಪಟ್ಟಿತು. ಅಂಥ ಕೆಲಸದ ಸ್ಮಾರಕ 240 ಮೀಟರ್ ಅತ್ತಿತ್ತ ಇದ್ದರೆ ಇರಲಿ. ಅದು ಅಳತೆಯ ದೋಷ. ಮುಂದಿನವನು ಅಳೆದು ತಿದ್ದಿದ.

ಆದರೆ ಅದೇ ಸ್ಮಾರಕದ ನೆರೆಯಲ್ಲಿ ಪ್ರವಾಸಿಗರ ಕೈಗೆ ಕೋಳಿಮೊಟ್ಟೆ ಕೊಟ್ಟು ಮೊಳೆಯ ತಲೆಯ ಮೇಲೆ ನಿಲ್ಲಿಸಿರಿ, ಇದು ಭೂಮಧ್ಯರೇಖೆಯಲ್ಲಿ ಮಾತ್ರ ಸುಲಭ ಎನ್ನುತ್ತಾರಂತೆ. ಕೈ ನಡುಗದವರು ತಾಳ್ಮೆಯಿಂದ ತುಮಕೂರಿನಲ್ಲಿಯೂ ನಿಲ್ಲಿಸಬಹುದು. ಅಲ್ಲಿಯೂ ಬೋಗುಣಿಯ ಆಟವುಂಟು, ಉಗಾಂಡದ ಹೆದ್ದಾರಿಯ ರೇಖೆಯಲ್ಲಿಯೂ ಉಂಟು. ಇದು ಅಳತೆಯ ದೋಷವಲ್ಲ. ಧಾರೆ ಯಾವ ಅಂಚಿಗೆ ಬೀಳಬೇಕೆಂದು ಬಲ್ಲ ಕೈ ಮಾಡುವ ಕೆಲಸ.

"ಅಪ್ಪ, ಪಾಪ, ಅವರ ಹೊಟ್ಟೆಪಾಡು. ಜಾದೂಗಾರನ ಹತ್ತಿರ ಹೋಗಿ ಇದು ಸುಳ್ಳು ಅಂತೀರಾ?" ಎಂದು ಮಗಳು ವಾದಿಸಿದಳು. ಮಾತಿನಲ್ಲಿ ತೂಕವಿದೆ. ಆ ವ್ಯಕ್ತಿಯು ದಿನವಿಡೀ ಬಿಸಿಲಲ್ಲಿ ನಿಂತು ಗಳಿಸುವ ಹಣಕ್ಕೆ ಕಲ್ಲು ಹಾಕಲು ನನಗೂ ಮನಸ್ಸಿಲ್ಲ. ಆದರೆ ಜಾದೂಗಾರನು ಇದು ಜಾದೂ ಎಂದು ಹೇಳಿಯೇ ಟೋಪಿಯೊಳಗಿಂದ ಮೊಲ ತೆಗೆಯುತ್ತಾನೆ. ಇವರು ವಿಜ್ಞಾನವೆಂದು ಹೇಳುತ್ತಾರೆ. ಕೇಳುವ ಮಗು ಅದನ್ನು ವಿಜ್ಞಾನದ ಕೋಣೆಯಲ್ಲಿಯೇ ಇಟ್ಟುಕೊಳ್ಳುತ್ತದೆ, ಒಂದು ದಿನ ಮೇಷ್ಟ್ರಾದರೆ ಅಲ್ಲಿಂದಲೇ ತೆಗೆದು ಕೊಡುತ್ತದೆ. ನನಗೆ ಹಾಗೆಯೇ ಬಂದದ್ದು, ನಾನು ಹಾಗೆಯೇ ಕೊಟ್ಟದ್ದು.

ನಿಜವನ್ನು ತೋರಿಸಿದರೆ ಜನ ಬರುವುದಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಇಂಡೊನೇಷ್ಯದ ಬೋರ್ನಿಯೊ ಭಾಗದಲ್ಲಿ ಪೊಂಟಿಯಾನಕ್ ಎಂಬ ನಗರವಿದೆ. 1928ರಲ್ಲಿ ಮೊದಲ ಗುರುತು ನೆಟ್ಟ ಸ್ಮಾರಕ ಅಲ್ಲಿದೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವ ದಿನಗಳಲ್ಲಿ ಸೂರ್ಯ ನಡುನೆತ್ತಿಗೆ ಬಂದು, ನೆಟ್ಟ ಕಂಬದ ನೆರಳು ಬುಡದಲ್ಲಿ ಅಡಗುವುದನ್ನು ನೋಡಲು ಜನ ಅಲ್ಲಿ ಸೇರುತ್ತಾರೆ, ಹಬ್ಬವನ್ನೇ ಮಾಡುತ್ತಾರೆ. ಈಕ್ವಡಾರಿನಲ್ಲಿಯೇ ಕಯಾಂಬೆ ಎಂಬ ಊರಿನ ಬಳಿ, ನೆಲಕ್ಕೆ ಗೆರೆಗಳನ್ನು ಹಾಸಿ ನಡುವೆ ಎತ್ತರದ ಕಂಬ ನಿಲ್ಲಿಸಿ, ಇಡೀ ಬಯಲನ್ನೇ ನೆರಳು ಗಡಿಯಾರವಾಗಿ ಮಾಡಿದ್ದಾರೆ. ಒಂದು ಕಂಬ, ಒಂದು ನೆರಳು. ಇದರಲ್ಲಿ ಕೈಚಳಕಕ್ಕೆ ಎಡೆಯಿಲ್ಲ.

ನಮ್ಮ ಪೂರ್ವಿಕರಿಗೂ ಈ ರೇಖೆಯ ನಿಜವಾದ ಸೋಜಿಗ ಗೊತ್ತಿತ್ತು. ಅಕ್ಷಾಂಶವಿಲ್ಲದ ನೆಲವಾದ್ದರಿಂದ ಅದನ್ನು 'ನಿರಕ್ಷ' ಎಂದು ಕರೆದರು. ಉಜ್ಜಯಿನಿಯ ಮಧ್ಯಾಹ್ನ ರೇಖೆಯು ನಿರಕ್ಷವನ್ನು ಸಂಧಿಸುವ ಬಿಂದುವಿಗೆ ಲಂಕೆ ಎಂದು ಹೆಸರಿಟ್ಟರು (ಇಂದಿನ ಶ್ರೀಲಂಕೆಯಲ್ಲ, ಅದು ರೇಖೆಗಿಂತ ಸಾಕಷ್ಟು ಉತ್ತರದಲ್ಲಿದೆ). ನಿರಕ್ಷದಲ್ಲಿ ನಿಂತವನಿಗೆ ಎರಡು ಧ್ರುವಗಳೂ ದಿಗಂತದಲ್ಲಿ ಇರುತ್ತವೆ ಎಂದು ಸೂರ್ಯಸಿದ್ಧಾಂತ ಹೇಳುತ್ತದೆ. ಅವರಲ್ಲಿ ಯಾರೂ ಅಲ್ಲಿಗೆ ಹೋಗಿ ನೋಡಿರಬೇಕಾಗಿಲ್ಲ, ಲೆಕ್ಕದಿಂದಲೇ ಕಂಡರು. ಉತ್ತರದ ನಕ್ಷತ್ರಗಳೂ ದಕ್ಷಿಣದ ನಕ್ಷತ್ರಗಳೂ, ಆಕಾಶದ ಒಂದೂ ಬಿಡದಂತೆ, ವರ್ಷದಲ್ಲಿ ಒಮ್ಮೆಯಾದರೂ ಕಣ್ಣಿಗೆ ಬೀಳುವ ಜಾಗ ಭೂಮಿಯ ಮೇಲೆ ಅದೊಂದೇ. ಆ ಫಲಕದ ಕೆಳಗೆ ಇದನ್ನು ಹೇಳುವವರು ಒಬ್ಬರೂ ಇರಲಿಲ್ಲ.

ಬೋಗುಣಿಯ ಆಟ ಮುಗಿದ ಮೇಲೆ ನಾವು ಅಲ್ಲಿಯೇ ಚಹಾ ಕುಡಿದೆವು. ಗಂಟೆ ಹನ್ನೆರಡೂವರೆ ದಾಟಿತ್ತು. ಆ ಊರಿನ ನಿಜವಾದ ನಡುಮಧ್ಯಾಹ್ನ ಅದೇ ಹೊತ್ತಿಗೆ. ಮೋಡ ಸರಿದು ಬಿಸಿಲು ಬಂತು. ಭೂಮಧ್ಯರೇಖೆಯಲ್ಲಿ ಸೂರ್ಯ ಸದಾ ನೆತ್ತಿಯ ಮೇಲೆ ಎಂದುಕೊಂಡು ಕೆಳಗೆ ನೋಡಿದರೆ, ನನ್ನ ನೆರಳು ಒಂದೂವರೆ ಗೇಣು ಉದ್ದವಾಗಿ ದಕ್ಷಿಣದ ಕಡೆ ಬಿದ್ದಿತ್ತು. ಏಕೆಂದು ಎಣಿಸಿದೆ. ಅಂದು ಆಗಸ್ಟ್ 18. ಸೂರ್ಯ ಇನ್ನೂ ಉತ್ತರದಲ್ಲಿದ್ದ. ಎಲ್ಲಿ ಎಂದರೆ, ಬೆಂಗಳೂರಿನ ನೆತ್ತಿಯ ಮೇಲೆ! ಪ್ರತಿ ವರ್ಷ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನ ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ನಮ್ಮ ಊರಿಗೆ ಒಂದೆರಡು ದಿನದ ವ್ಯತ್ಯಾಸ, ಅಷ್ಟೆ. ನೆರಳಿಲ್ಲದ ನೆಲವನ್ನು ನೋಡಲು ಸಮುದ್ರ ದಾಟಿ ಹೋದವನಿಗೆ, ಅದೇ ವಾರ ಅದು ನಮ್ಮ ಮನೆಯ ಅಂಗಳದಲ್ಲಿತ್ತು. ಈ ಮಾತನ್ನು ಅಲ್ಲಿ ನಿಂತು ಮೊಮ್ಮಗನಿಗೆ ಹೇಳಿದೆ. ಬೋಗುಣಿಯವರೂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು, ತಮ್ಮ ನೆರಳನ್ನೂ ಒಮ್ಮೆ ನೋಡಿಕೊಂಡರು. ನೀರಿನ ವಿಷಯವನ್ನು ಆಗಲಾದರೂ ಎತ್ತಬಹುದಿತ್ತು. ಎತ್ತಲಿಲ್ಲ. ಸೌಜನ್ಯವೆಂದು ಆಗ ಅಂದುಕೊಂಡೆ. ಹದಿನಾಲ್ಕು ವರ್ಷದ ಹುಡುಗನನ್ನು "ಕೂತ್ಕೋ" ಎನ್ನುವಾಗ ಈ ಸೌಜನ್ಯ ಎಲ್ಲಿ ಹೋಗಿತ್ತೆಂದು ಈಗ ಯೋಚಿಸುತ್ತೇನೆ.

ಆ ಹುಡುಗನಿಗೆ ಈಗ ನಲವತ್ತೆಂಟು ವರ್ಷ ಆಗಿರಬೇಕು. ಅವನ ಸಹಪಾಠಿಗಳಲ್ಲಿ ಕೆಲವರು ಇದನ್ನು ಓದುತ್ತೀರಿ, ನೀವೂ ಅಂದು ನಕ್ಕವರೇ. ಅವನು ಎಲ್ಲಿದ್ದಾನೆಂದು ತಿಳಿದವರು ದಯವಿಟ್ಟು ನನಗೆ ತಿಳಿಸಿರಿ. ಮೊಮ್ಮಗ ದಸರಾ ರಜೆಗೆ ಬರುವವನಿದ್ದಾನೆ. ಆ ತೊಟ್ಟಿ ಇನ್ನೂ ಇದ್ದರೆ ಇಬ್ಬರೂ ಬಂದು ನೋಡುತ್ತೇವೆ.